ತಂತುಪೊರೆಯ ಹಸ್ತಚಿಕಿತ್ಸೆ: ಒಂದು ಚಾರಿತ್ರಿಕ ಅವಲೋಕನ

ಮೈಕೈ ನೋವು, ಕೀಲುನೋವುಗಳನ್ನು ಕೈಯಿಂದ ನೀವಿ, ಒತ್ತಿ, ಹಿಸುಕಿ ಶಮನಗೊಳಿಸುವ ಪದ್ಧತಿ ಪ್ರಾಚೀನ ಸಮಾಜಗಳಲ್ಲಿ ವ್ಯಾಪಕವಾಗಿ ಕಂಡುಬರುತ್ತದೆ. ಆದರೆ ಹಾಗೆ ನೀವುವ ಕೈ ಒಳಗೆ ಏನನ್ನು ತಲುಪುತ್ತದೆ? ಚರ್ಮವನ್ನೇ, ಮಾಂಸವನ್ನೇ, ರಕ್ತನಾಳವನ್ನೇ ಅಥವಾ ನರವನ್ನೇ? ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. 19ನೆಯ ಶತಮಾನದ ಕೊನೆಯ ದಶಕಗಳಿಂದೀಚೆಗೆ ಅಮೆರಿಕ ಮತ್ತು ಯುರೋಪುಗಳಲ್ಲಿ ಪ್ರಚಾರಕ್ಕೆ ಬಂದ ಒಂದು ಉತ್ತರವೆಂದರೆ ‘ಫ್ಯಾಸಿಯಾ’, ಅಂದರೆ ಸ್ನಾಯುಗಳನ್ನೂ ಅವಯವಗಳನ್ನೂ ಸುತ್ತುವರಿದು ಒಂದಕ್ಕೊಂದು ಜೋಡಿಸುವ ತಂತುಮಯವಾದ ಪೊರೆ. ಈ ಪೊರೆಯನ್ನು ಗುರಿಯಾಗಿಟ್ಟುಕೊಂಡ ಹಸ್ತಚಿಕಿತ್ಸೆಯ ಚರಿತ್ರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕೈಯ ಕ್ರಮ ಹೆಚ್ಚು ಬದಲಾಗದೆ ಉಳಿದುಬಂದು, ಅದಕ್ಕೆ ನೀಡಲಾದ ವಿವರಣೆ ಮಾತ್ರ ತಲೆಮಾರಿಗೊಮ್ಮೆ ಬದಲಾಗಿರುವುದು ಈ ಚರಿತ್ರೆಯ ವೈಶಿಷ್ಟ್ಯವಾಗಿದೆ. ಇವೆರಡನ್ನು ಬೇರೆಬೇರೆಯಾಗಿ ನೋಡದಿದ್ದರೆ ಚಿಕಿತ್ಸೆಯ ಪರವಾಗಿ ಬರೆಯುವವರೂ ವಿರೋಧವಾಗಿ ಬರೆಯುವವರೂ ಒಂದೇ ಬಗೆಯ ತಪ್ಪಿಗೆ ಒಳಗಾಗುತ್ತಾರೆ.

ಲ್ಯಾಟಿನ್ ಭಾಷೆಯಲ್ಲಿ ‘ಫ್ಯಾಸಿಯಾ’ ಎಂದರೆ ಪಟ್ಟಿ, ಗಾಯಕ್ಕೆ ಸುತ್ತುವ ಬಟ್ಟೆಯ ಪಟ್ಟಿ. ಹಿಂದಿಯ ಪಾರಿಭಾಷಿಕ ಕೋಶಗಳಲ್ಲಿ ಇದಕ್ಕೆ ‘ಪ್ರಾವರಣಿ’ ಎಂಬ ಸಂಸ್ಕೃತ ರೂಪವಿದೆ. ಈ ಲೇಖನದಲ್ಲಿ ಅರ್ಥ ಸುಲಭವಾಗಿ ಹೊಳೆಯಲೆಂದು ‘ತಂತುಪೊರೆ’ ಎಂಬ ಪದವನ್ನು ಬಳಸಲಾಗಿದೆ. ಕಿತ್ತಳೆ ಹಣ್ಣನ್ನು ಬಿಡಿಸಿದವರಿಗೆ ಇದರ ರಚನೆಯನ್ನು ವಿವರಿಸುವುದು ಕಷ್ಟವಲ್ಲ. ಸಿಪ್ಪೆಯ ಕೆಳಗಿನ ಬಿಳಿಯ ಪದರ, ತೊಳೆಗಳನ್ನು ಬೇರ್ಪಡಿಸುವ ಪೊರೆ, ತೊಳೆಯೊಳಗಿನ ಒಂದೊಂದು ರಸಕೋಶವನ್ನೂ ಸುತ್ತಿರುವ ತೆಳುಪೊರೆ, ಇವು ಒಂದರೊಳಗೊಂದು ಸೇರಿಕೊಂಡಿರುವಂತೆಯೇ ಚರ್ಮದ ಅಡಿಯಿಂದ ಸ್ನಾಯುವಿನ ಎಳೆಯವರೆಗೆ ತಂತುಪೊರೆ ಎಡೆಬಿಡದೆ ಹಬ್ಬಿದೆ. ಮಾಂಸ ಮಾರುವವರು ಸುಲಿದು ಬಿಸಾಡುವ ಬಿಳಿಯ ಪೊರೆ ಇದೇ. ಶತಮಾನಗಳ ಕಾಲ ಅಂಗರಚನಾಶಾಸ್ತ್ರಜ್ಞರೂ ಇದನ್ನು ಬಹುಮಟ್ಟಿಗೆ ಹಾಗೆಯೇ ನಡೆಸಿಕೊಂಡರು. ಶವವನ್ನು ಛೇದಿಸುವಾಗ ಸ್ನಾಯು ಸ್ಪಷ್ಟವಾಗಿ ಕಾಣಬೇಕಾದರೆ ಪೊರೆಯನ್ನು ಕೆರೆದು ತೆಗೆಯಲೇಬೇಕು. 1543ರಲ್ಲಿ ವೆಸಾಲಿಯಸ್ ಪ್ರಕಟಿಸಿದ ಮಹಾಗ್ರಂಥದ ಪ್ರಸಿದ್ಧ ಸ್ನಾಯುಚಿತ್ರಗಳ ಸೊಗಸು ಹೆಚ್ಚಿನ ಮಟ್ಟಿಗೆ ಹೀಗೆ ತೆಗೆದುಹಾಕಿದ್ದರಿಂದಲೇ ಬಂದದ್ದು.

18ನೆಯ ಶತಮಾನದಲ್ಲಿ ಪೊರೆಗೆ ಸ್ವಲ್ಪ ಗೌರವ ದೊರೆಯಿತು. ಅದಕ್ಕೆ ಕಾರಣ ನೋವಿನ ಚಿಕಿತ್ಸೆಯಲ್ಲ, ಶಸ್ತ್ರಚಿಕಿತ್ಸೆ. ಅಂಡವಾಯುವಿನ ಶಸ್ತ್ರಕ್ರಿಯೆಯಲ್ಲಿ ಯಾವ ಪದರದ ನಂತರ ಯಾವುದು ಬರುತ್ತದೆ, ಕೀವು ಯಾವ ದಾರಿಯಲ್ಲಿ ಹರಡುತ್ತದೆ ಎಂಬುದನ್ನು ತಿಳಿಯಬೇಕಾಗಿದ್ದ ವೈದ್ಯರು ಒಂದೊಂದು ಪದರವನ್ನೂ ಗುರುತಿಸಿದರು. ಡಚ್ ವೈದ್ಯ ಪೀಟರ್ ಕ್ಯಾಂಪರ್ (1722–1789), ಇಟಲಿಯ ಅಂಟೋನಿಯೊ ಸ್ಕಾರ್ಪಾ (1752–1832), ಐರ್ಲೆಂಡಿನ ಅಬ್ರಹಾಂ ಕಾಲಿಸ್ (1773–1843) ಇವರ ಹೆಸರುಗಳು ಇಂದಿಗೂ ಕಿಬ್ಬೊಟ್ಟೆಯ ಆಸುಪಾಸಿನ ಪದರಗಳಿಗೆ ಅಂಟಿಕೊಂಡಿವೆ. ಇನ್ನೊಂದು ಕಡೆ, ಪ್ಯಾರಿಸ್ಸಿನ ಕ್ಸಾವಿಯೆ ಬಿಷಾ ಶತಮಾನದ ಅಂಚಿನಲ್ಲಿ ಪೊರೆಗಳ ಬಗೆಗೆ ಪ್ರತ್ಯೇಕ ಗ್ರಂಥವನ್ನು ರಚಿಸಿ, ದೇಹವನ್ನು ಅವಯವಗಳ ಬದಲು 21 ಬಗೆಯ ಅಂಗಾಂಶಗಳ ನೆಯ್ಗೆಯಾಗಿ ಕಾಣಬೇಕೆಂದು ವಾದಿಸಿದ. ಸೂಕ್ಷ್ಮದರ್ಶಕವನ್ನು ನಂಬದ ಈತ ಇದನ್ನೆಲ್ಲ ಬರಿಗಣ್ಣಿನಿಂದಲೇ ಸಾಧಿಸಿದ್ದು ಸೋಜಿಗ. 1802ರಲ್ಲಿ ತೀರಿಕೊಂಡಾಗ ಅವನ ವಯಸ್ಸು ಕೇವಲ ಮೂವತ್ತು.

ಇಲ್ಲಿ ಭಾರತೀಯ ವೈದ್ಯ ಪರಂಪರೆಯ ವಿಚಾರವನ್ನು ಎತ್ತುವುದು ಅವಶ್ಯ. ಏಕೆಂದರೆ ಇತ್ತೀಚಿನ ಕೆಲವು ಬರಹಗಳಲ್ಲಿ ತಂತುಪೊರೆಯ ಚಿಕಿತ್ಸೆ ಸುಶ್ರುತನಿಗೆ ತಿಳಿದಿತ್ತೆಂಬ ಮಾತು ಕಂಡುಬರುತ್ತದೆ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ ಏಳು ‘ಕಲೆ’ಗಳ ನಿರೂಪಣೆಯಿದೆ. ಕಲೆ ಎಂದರೆ ಧಾತು ಹಾಗೂ ಆಶಯಗಳ ನಡುವಣ ಪೊರೆ. ಅವುಗಳಲ್ಲಿ ಮೊದಲನೆಯದು ಮಾಂಸಧರಾ. ಕೆಸರುನೀರಿನಲ್ಲಿ ತಾವರೆಯ ದಂಟು ಬೇರುಗಳು ಎಲ್ಲ ಕಡೆಗೂ ಹಬ್ಬುವಂತೆ ಮಾಂಸದಲ್ಲಿ ಸಿರೆ ಮೊದಲಾದವು ಹಬ್ಬುತ್ತವೆಂದು ಅಲ್ಲಿ ಹೇಳಿದೆ. ಅದೇ ಸ್ಥಾನದಲ್ಲಿ 900 ಸ್ನಾಯುಗಳ ಎಣಿಕೆಯೂ ಇದೆ: ಕೈಕಾಲುಗಳಲ್ಲಿ 600, ನಡುಭಾಗದಲ್ಲಿ 230, ಕೊರಳಿನಿಂದ ಮೇಲೆ 70. ಹಲಗೆಗಳನ್ನು ಅನೇಕ ಕಟ್ಟುಗಳಿಂದ ಬಿಗಿದಾಗ ದೋಣಿ ಹೇಗೆ ಭಾರ ಹೊರಬಲ್ಲುದೋ ಹಾಗೆ ಸ್ನಾಯುಗಳಿಂದ ಬಿಗಿಯಲ್ಪಟ್ಟ ದೇಹವೂ ಭಾರ ಹೊರುತ್ತದೆ ಎಂಬುದು ಅಲ್ಲಿಯ ಉಪಮೆ. ಕನ್ನಡದ ಓದುಗರು ಇಲ್ಲಿ ಎಚ್ಚರದಿಂದಿರಬೇಕು. ಇಂದಿನ ಕನ್ನಡದಲ್ಲಿ ‘ಸ್ನಾಯು’ ಎಂದರೆ ಮಾಂಸಖಂಡ. ಸುಶ್ರುತನಲ್ಲಿ ಮಾಂಸಖಂಡಕ್ಕೆ ‘ಪೇಶಿ’ ಎಂಬ ಬೇರೆಯ ಪದವಿದೆ, ಅವುಗಳ ಸಂಖ್ಯೆ 500. ಅವನ ಸ್ನಾಯು ಬಿಗಿಯುವ ಹುರಿ. ಶಬ್ದದ ಅರ್ಥ ಹೀಗೆ ಪಲ್ಲಟಗೊಂಡುದನ್ನು ಗಮನಿಸದೆ ಅನುವಾದಿಸಿದ ಪುಸ್ತಕಗಳಲ್ಲಿ ಸುಶ್ರುತ 900 ಮಾಂಸಖಂಡಗಳನ್ನು ಎಣಿಸಿದನೆಂಬ ವಿಚಿತ್ರ ಹೇಳಿಕೆ ನುಸುಳುವುದು ಸಹಜ.

ಪೊರೆಯ ಜ್ಞಾನ ಅಲ್ಲಿತ್ತು ಎಂಬುದು ನಿಜ, ಮರ್ದನದ ಜ್ಞಾನವೂ ಇತ್ತು. ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯದಲ್ಲಿ ಅಭ್ಯಂಗ, ಉದ್ವರ್ತನ, ಸಂವಾಹನಗಳ ಗುಣಗಳನ್ನು ವಿವರಿಸಲಾಗಿದೆ. ಆದರೆ ಇವೆರಡನ್ನೂ ಅಲ್ಲಿ ಒಂದಕ್ಕೊಂದು ಜೋಡಿಸಿಲ್ಲ. ಅಭ್ಯಂಗದ ಫಲಕ್ಕೆ ಅಲ್ಲಿ ಕಾರಣ ಸ್ನೇಹದ್ರವ್ಯ ಮತ್ತು ವಾತದ ಶಮನ. ವ್ಯಾಖ್ಯಾನಕಾರ ಡಲ್ಹಣನು ನೀವಿದ ಎಣ್ಣೆ ಎಷ್ಟು ಹೊತ್ತಿಗೆ ಎಲ್ಲಿಯವರೆಗೆ ಇಳಿಯುತ್ತದೆಂಬ ಲೆಕ್ಕವನ್ನೇ ಕೊಡುತ್ತಾನೆ: 300 ಮಾತ್ರೆಗಳ ಕಾಲದಲ್ಲಿ ಕೂದಲ ಬುಡ, 400ಕ್ಕೆ ಚರ್ಮ, ಮುಂದೆ ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಕಡೆಗೆ 900 ಮಾತ್ರೆಗಳಿಗೆ ಮಜ್ಜೆ. ಕೈ ಏನನ್ನು ತಲುಪುತ್ತದೆ ಎಂಬ ನಮ್ಮ ಪ್ರಶ್ನೆಗೆ ಇದು ಖಚಿತವಾದ ಉತ್ತರವೇ ಸರಿ. ಆದರೆ ಈ ಇಳಿಜಾರಿನ ಮೆಟ್ಟಿಲುಗಳಲ್ಲಿ ಧಾತುಗಳಿವೆಯೇ ಹೊರತು ಕಲೆ ಇಲ್ಲ. ಆದ್ದರಿಂದ ಪ್ರಾಚೀನರ ಮರ್ದನವನ್ನು ತಂತುಪೊರೆಯ ಚಿಕಿತ್ಸೆ ಎಂದು ಕರೆಯುವುದು ಅವರ ಸ್ವಂತ ವಿವರಣೆಯನ್ನು ಅಳಿಸಿ ನಮ್ಮದನ್ನು ಬರೆದಂತೆ.

ಯುರೋಪಿನಲ್ಲಿ ಅಂಗಮರ್ದನ ವೈದ್ಯಕೀಯದ ಅಂಚಿನಲ್ಲಿ ಮತ್ತೆ ತಲೆಯೆತ್ತಿದ್ದು 19ನೆಯ ಶತಮಾನದಲ್ಲಿ. ಪಾಟ್ನಾದಲ್ಲಿ ಹುಟ್ಟಿದ ಸೇಕ್ ದೀನ್ ಮಹಮದ್ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಹಬೆಸ್ನಾನಗೃಹವನ್ನು ನಡೆಸಿ, ‘ಚಾಂಪೂ’ ಮಾಡುವ ಭಾರತೀಯ ಕ್ರಮವನ್ನು ಕೀಲುನೋವಿನ ರೋಗಿಗಳಿಗೆ ಪರಿಚಯಿಸಿದ. 1822ರಲ್ಲಿ ಆ ಬಗ್ಗೆ ಪುಸ್ತಕವನ್ನೂ ಹೊರತಂದ. ಇಂದು ತಲೆಗೂದಲಿಗೆ ಮಾತ್ರ ಸೀಮಿತವಾಗಿರುವ ‘ಶಾಂಪೂ’ ಶಬ್ದ ಮೂಲದಲ್ಲಿ ಮೈ ಒತ್ತುವುದನ್ನು ಸೂಚಿಸುತ್ತಿತ್ತು. ಸ್ವೀಡನ್ನಿನಲ್ಲಿ ಪರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮ ಸಂಸ್ಥೆಯನ್ನು ಸ್ಥಾಪಿಸಿದ. ಲಂಡನ್ನಿನಲ್ಲಿ ನಾಲ್ವರು ದಾದಿಯರು 1894ರಲ್ಲಿ ಕಟ್ಟಿದ ಅಂಗಮರ್ದಕಿಯರ ಸಂಘ ಮುಂದೆ ಬ್ರಿಟನ್ನಿನ ಫಿಸಿಯೋಥೆರಪಿ ಸಂಘಟನೆಯಾಗಿ ಬೆಳೆಯಿತು. ಇವರಲ್ಲಿ ಯಾರಿಗೂ ಪೊರೆ ಮುಖ್ಯವಾಗಿರಲಿಲ್ಲ.

ಅದು ಮುಖ್ಯವಾದದ್ದು ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ (1828–1917) ಎಂಬಾತನ ಬರಹಗಳಲ್ಲಿ. ಮೆಥಡಿಸ್ಟ್ ಧರ್ಮಪ್ರಚಾರಕನ ಮಗನಾಗಿದ್ದ ಸ್ಟಿಲ್ ಗಡಿನಾಡಿನ ವೈದ್ಯ. 1864ರಲ್ಲಿ ಮಿದುಳ ಪೊರೆಯ ಉರಿಯೂತದಿಂದ ಅವನ ಮೂವರು ಮಕ್ಕಳು ಒಟ್ಟೊಟ್ಟಿಗೆ ತೀರಿಕೊಂಡರು. ಅಂದಿನ ಔಷಧಗಳಾವುವೂ ಕೆಲಸಕ್ಕೆ ಬಾರಲಿಲ್ಲ. ಔಷಧದಲ್ಲಿ ನಂಬಿಕೆ ಕಳೆದುಕೊಂಡ ಅವನು 1874ರಲ್ಲಿ ತನ್ನ ಹೊಸ ಪಂಥವನ್ನು ಘೋಷಿಸಿದ. ಅದಕ್ಕೆ ಆಸ್ಟಿಯೋಪತಿ ಎಂಬ ಹೆಸರು ಬಂತು. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಪಟ್ಟಣದಲ್ಲಿ ಅವನು ತೆರೆದ ಶಾಲೆ ಆರಂಭದಿಂದಲೇ ಮಹಿಳೆಯರನ್ನೂ ಸೇರಿಸಿಕೊಂಡಿತು. 1899ರ ತನ್ನ ಗ್ರಂಥದಲ್ಲಿ ಸ್ಟಿಲ್ ತಂತುಪೊರೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟು, ರೋಗದ ಕಾರಣವನ್ನು ಹುಡುಕಬೇಕಾದ ಜಾಗ ಅದೇ ಎಂದು ವಾದಿಸಿದ. ಅವನ ದೃಷ್ಟಿಯಲ್ಲಿ ಪೊರೆ ಒಂದು ಕಾಲುವೆಗಳ ಜಾಲ. ಅದು ಬಿಗಿದುಕೊಂಡರೆ ರಕ್ತ ಮತ್ತು ಇತರ ದ್ರವಗಳ ಹರಿವು ನಿಂತು ರೋಗ ಹುಟ್ಟುತ್ತದೆ, ಕೈಯಿಂದ ಬಿಗಿತವನ್ನು ಸಡಿಲಿಸಿದರೆ ಹರಿವು ಮರಳುತ್ತದೆ. ಇದರಲ್ಲಿ ಪ್ರಯೋಗಕ್ಕಿಂತ ದೈವಶ್ರದ್ಧೆಯ ಪಾಲು ಹೆಚ್ಚು. ದೇಹ ದೇವರು ನಿರ್ಮಿಸಿದ ಯಂತ್ರ, ಅದರಲ್ಲಿ ನಿರುಪಯುಕ್ತವಾದ ಭಾಗವಿರಲಾರದು ಎಂಬ ನಂಬಿಕೆಯೇ ಎಲ್ಲರೂ ಬಿಸಾಡಿದ್ದ ಪೊರೆಯತ್ತ ಅವನ ಗಮನವನ್ನು ಸೆಳೆದಿರಬೇಕು.

ಎರಡನೆಯ ವಿವರಣೆ ಜರ್ಮನಿಯಿಂದ ಬಂತು. ಎಲಿಜಬೆತ್ ಡಿಕ್ಕೆ (1884–1952) ಅಂಗಮರ್ದನವನ್ನು ವೃತ್ತಿಯಾಗಿ ಮಾಡುತ್ತಿದ್ದವಳು. 1929ರಲ್ಲಿ ಅವಳ ಬಲಗಾಲಿನ ರಕ್ತಸಂಚಾರ ಕೆಟ್ಟು ಕಾಲನ್ನೇ ಕತ್ತರಿಸುವ ಮಾತು ನಡೆದಿತ್ತು. ಹಾಸಿಗೆ ಹಿಡಿದಿದ್ದಾಗ ಬೆನ್ನುನೋವನ್ನು ತಾಳಲಾರದೆ ತನ್ನ ಸೊಂಟದ ಭಾಗವನ್ನು ತಾನೇ ಬೆರಳುಗಳಿಂದ ಎಳೆದು ನೋಡಿಕೊಂಡಳು. ಅಲ್ಲಿಯ ಚರ್ಮ ಕೆಳಗಿನ ಪದರಕ್ಕೆ ಅಂಟಿಕೊಂಡಂತೆ ಬಿಗಿಯಾಗಿತ್ತು. ಎಳೆಯುತ್ತಾ ಹೋದಂತೆ ಬೆನ್ನು ಸಡಿಲವಾಗಿ, ತಣ್ಣಗಿದ್ದ ಕಾಲಿಗೆ ಬಿಸುಪು ಹರಿದು ಬಂದಂತಾಯಿತು. ಕಾಲು ಉಳಿಯಿತು. ಈ ಅನುಭವದ ಮೇಲೆ ಅವಳು ರೂಪಿಸಿದ ‘ಸಂಯೋಜಕ ಅಂಗಾಂಶದ ಮರ್ದನ’ ಜರ್ಮನಿಯ ಆಸ್ಪತ್ರೆಗಳಲ್ಲಿ ನೆಲೆಗೊಂಡಿತು. ಸೊಂಟವನ್ನು ಎಳೆದರೆ ಕಾಲಿಗೇಕೆ ಬಿಸುಪು ಬರಬೇಕು? ಸ್ಟಿಲ್‌ನ ಕಾಲುವೆಗಳಿಂದ ಇದನ್ನು ವಿವರಿಸುವುದು ಕಷ್ಟ. ಡಿಕ್ಕೆಯ ಅನುಯಾಯಿಗಳು ಆಂಗ್ಲ ನರವಿಜ್ಞಾನಿ ಹೆನ್ರಿ ಹೆಡ್ 1890ರ ದಶಕದಲ್ಲಿ ಗುರುತಿಸಿದ್ದ ಚರ್ಮವಲಯಗಳನ್ನು ಆಧಾರವಾಗಿ ತೆಗೆದುಕೊಂಡರು. ಒಳಗಿನ ಅಂಗದ ತೊಂದರೆ ಅದೇ ನರಮಂಡಲದ ಭಾಗಕ್ಕೆ ಸೇರಿದ ಚರ್ಮದಲ್ಲಿ ಕಾಣಿಸಿಕೊಳ್ಳುವಂತೆ, ಚರ್ಮವನ್ನು ಎಳೆದರೆ ಅದರ ಪ್ರಭಾವ ನರಗಳ ಮೂಲಕ ಒಳಗಿನ ರಕ್ತನಾಳಗಳಿಗೂ ತಲುಪುತ್ತದೆಂಬುದು ಅವರ ನಿಲುವು. ಬೆರಳು ಎಳೆಯುವುದು ಪೊರೆಯನ್ನೇ ಆದರೂ ಕೆಲಸ ಮಾಡುವುದು ನರ.

ಈ ಚರಿತ್ರೆಯ ಅತ್ಯಂತ ಪ್ರಭಾವಶಾಲಿ ವ್ಯಕ್ತಿ ಐಡಾ ರಾಲ್ಫ್ (1896–1979). ನ್ಯೂಯಾರ್ಕಿನಲ್ಲಿ ಹುಟ್ಟಿದ ಈಕೆ 1920ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಜೀವರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ರಾಕ್‌ಫೆಲರ್ ಸಂಸ್ಥೆಯಲ್ಲಿ ಸಂಶೋಧನೆ ನಡೆಸಿದಳು. ಆ ಕಾಲದ ಮಹಿಳೆಗೆ ಇದು ಸಾಮಾನ್ಯ ಸಾಧನೆಯಲ್ಲ. ಆಸ್ಟಿಯೋಪತಿಯ ಜೊತೆಗೆ ಅವಳ ಮೇಲೆ ಯೋಗದ ಪ್ರಭಾವವೂ ಇತ್ತು. ನ್ಯೂಯಾರ್ಕಿನ ಸಮೀಪದ ನಯಾಕ್‌ನಲ್ಲಿ ಪಿಯರ್ ಬರ್ನಾರ್ಡ್ ಎಂಬ ಅಮೆರಿಕನ್ನನು ಹಠಯೋಗವನ್ನು ಕಲಿಸುತ್ತಿದ್ದ ಕೇಂದ್ರಕ್ಕೆ ಅವಳು ಹೋಗುತ್ತಿದ್ದಳು. ಆಸನಗಳು ದೇಹವನ್ನು ಉದ್ದಕ್ಕೆ ಹಿಗ್ಗಿಸುವ ರೀತಿಯನ್ನು ಅವಳು ಮೆಚ್ಚಿಕೊಂಡಿದ್ದಳು. ಕೈ ಪೆಟ್ಟಾಗಿ ಪಾಠ ಹೇಳುವುದನ್ನು ಬಿಟ್ಟಿದ್ದ ಪಿಯಾನೊ ಶಿಕ್ಷಕಿಯೊಬ್ಬಳ ಕೈಯನ್ನು ಸರಿಪಡಿಸಿಕೊಟ್ಟು, ಪ್ರತಿಯಾಗಿ ತನ್ನ ಮಕ್ಕಳಿಗೆ ಸಂಗೀತ ಪಾಠವನ್ನು ಪಡೆದದ್ದೇ ತನ್ನ ಕೆಲಸದ ಆರಂಭವೆಂದು ರಾಲ್ಫ್ ಹೇಳುತ್ತಿದ್ದಳು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಸಲೆನ್ ಸಂಸ್ಥೆಯಲ್ಲಿ ಮನೋಚಿಕಿತ್ಸಕ ಫ್ರಿಟ್ಸ್ ಪರ್ಲ್ಸ್‌ಗೆ ಚಿಕಿತ್ಸೆ ನೀಡಿದ ನಂತರ ಅವಳ ಹೆಸರು ಹರಡಿತು. 1971ರಲ್ಲಿ ಅವಳ ಹೆಸರಿನ ಸಂಸ್ಥೆ ಸ್ಥಾಪನೆಯಾಯಿತು. 1977ರಲ್ಲಿ ಅವಳ ಪ್ರಮುಖ ಗ್ರಂಥ ಪ್ರಕಟವಾಯಿತು. ಅವಳಿಟ್ಟ ಹೆಸರು ‘ರಚನಾ ಸಮನ್ವಯ’ ಎಂಬ ಅರ್ಥದ್ದು. ಜನ ಕರೆದದ್ದು ‘ರಾಲ್ಫಿಂಗ್’ ಎಂದು.

ಹತ್ತು ಸರದಿಗಳಲ್ಲಿ, ಒಂದೊಂದು ಸರದಿಗೆ ದೇಹದ ಒಂದೊಂದು ಭಾಗವನ್ನು ಎತ್ತಿಕೊಂಡು, ಬೆರಳ ಗೆಣ್ಣು ಹಾಗೂ ಮೊಣಕೈಯಿಂದ ಆಳವಾಗಿ ಒತ್ತುವುದು ಅವಳ ಕ್ರಮ. ಆರಂಭದ ದಿನಗಳಲ್ಲಿ ಇದು ಬಹಳ ನೋವಿನ ಚಿಕಿತ್ಸೆಯೆಂದು ಹೆಸರಾಗಿತ್ತು. ದೇಹದ ಭಾಗಗಳು ಒಂದರ ಮೇಲೊಂದು ಸರಿಯಾಗಿ ಕೂತರೆ ಗುರುತ್ವಾಕರ್ಷಣೆ ದೇಹವನ್ನು ಕುಗ್ಗಿಸುವ ಬದಲು ಎತ್ತಿಹಿಡಿಯುತ್ತದೆಂಬುದು ಅವಳ ಮೂಲ ತತ್ತ್ವ. ಒತ್ತಿದರೆ ಪೊರೆ ಏಕೆ ಬದಲಾಗುತ್ತದೆ ಎಂಬುದಕ್ಕೆ ಜೀವರಸಾಯನದ ವಿದ್ಯಾರ್ಥಿನಿಯಾದ ಅವಳು ನೀಡಿದ ಉತ್ತರ ಕಲಿಲ ದ್ರವ್ಯದ್ದು. ಗಟ್ಟಿಯಾದ ಬೆಣ್ಣೆ ಕೈಬಿಸಿಗೂ ಒತ್ತಡಕ್ಕೂ ಮೆತ್ತಗಾಗುವಂತೆ, ಹೆಪ್ಪುಗಟ್ಟಿದ ಪೊರೆಯ ದ್ರವ್ಯ ಒತ್ತಡದ ಶಕ್ತಿಯಿಂದ ತಿಳಿಯಾಗಿ ಹೊಸ ಆಕಾರವನ್ನು ತಾಳುತ್ತದೆ. ಕೈಕೆಳಗೆ ಏನೋ ಕರಗಿದಂತೆ ತೋರುವ ಅನುಭವವನ್ನು ಈ ವಿವರಣೆ ಎಷ್ಟು ಚೆನ್ನಾಗಿ ಹಿಡಿದುಕೊಡುತ್ತದೆಂದರೆ, ಮುಂದಿನ ಮೂವತ್ತು ವರ್ಷ ಅನೇಕ ಪಂಥಗಳು ಅದನ್ನೇ ಪಠಿಸಿದವು.

ಇದರ ಜೊತೆಜೊತೆಗೆ ವೈದ್ಯಕೀಯದ ಮುಖ್ಯ ಪ್ರವಾಹದಲ್ಲಿ ನೋವಿನ ಅಧ್ಯಯನ ಬೇರೆಯೇ ದಾರಿಯಲ್ಲಿ ಸಾಗಿತ್ತು. ಲಂಡನ್ನಿನ ಕೆಲ್‌ಗ್ರೆನ್ 1938ರಲ್ಲಿ ಸ್ನಾಯುಗಳೊಳಗೆ ಉಪ್ಪುನೀರನ್ನು ಚುಚ್ಚಿ, ಚುಚ್ಚಿದ ಜಾಗದಿಂದ ದೂರದಲ್ಲಿ ನೋವು ಕಾಣಿಸಿಕೊಳ್ಳುವುದನ್ನು ದಾಖಲಿಸಿದ. ಅಮೆರಿಕದ ಜಾನೆಟ್ ಟ್ರಾವೆಲ್ (1901–1997) ಇಂಥ ನೋವಿನ ಮೂಲಬಿಂದುಗಳ ನಕ್ಷೆಯನ್ನೇ ರಚಿಸಿದಳು. 1952ರ ಅವಳ ಲೇಖನದ ಶೀರ್ಷಿಕೆಯಲ್ಲಿ ಸ್ನಾಯು ಮತ್ತು ಪೊರೆಗಳನ್ನು ಕೂಡಿಸಿ ಹೇಳುವ ‘ಮಯೋಫ್ಯಾಸಿಯಲ್’ ಎಂಬ ವಿಶೇಷಣವಿದೆ. ಬೆನ್ನುನೋವಿನಿಂದ ನರಳುತ್ತಿದ್ದ ಅಧ್ಯಕ್ಷ ಕೆನಡಿಗೆ ಚಿಕಿತ್ಸೆ ನೀಡಿ, 1961ರಲ್ಲಿ ಶ್ವೇತಭವನದ ಪ್ರಥಮ ಮಹಿಳಾ ವೈದ್ಯೆಯಾದವಳು ಇವಳೇ. ಡೇವಿಡ್ ಸೈಮನ್ಸ್‌ನೊಡನೆ 1983ರಲ್ಲಿ ಅವಳು ಪ್ರಕಟಿಸಿದ ಕೈಪಿಡಿ ಫಿಸಿಯೋಥೆರಪಿಸ್ಟರ ಮೇಜಿನ ಮೇಲೆ ನೆಲೆಸಿತು. 1981ರಲ್ಲಿ ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದ ತರಬೇತಿ ವರ್ಗವೊಂದಕ್ಕೆ ‘ಮಯೋಫ್ಯಾಸಿಯಲ್ ರಿಲೀಸ್’ ಎಂಬ ಹೆಸರಿಡಲಾಯಿತು. ಸ್ಟಿಲ್‌ನ ಪರಂಪರೆಯ ಮೃದುವಾದ ಎಳೆತಕ್ಕೆ ಟ್ರಾವೆಲ್‌ಳ ವೈದ್ಯಕೀಯ ಶಬ್ದ ಹೀಗೆ ಹೊಂದಿಕೊಂಡಿತು. ಒಂದು ಚಿಕಿತ್ಸೆಗೆ ಆಸ್ಪತ್ರೆಯ ಬಾಗಿಲು ತೆರೆಯುವುದರಲ್ಲಿ ಹೆಸರಿನ ಪಾತ್ರ ಕಡಿಮೆಯದಲ್ಲ.

21ನೆಯ ಶತಮಾನದ ಮೊದಲ ದಶಕದಲ್ಲಿ ಪರಿಸ್ಥಿತಿ ಬದಲಾಯಿತು. ಜರ್ಮನಿಯ ರಾಬರ್ಟ್ ಶ್ಲೈಪ್, ಅಮೆರಿಕದ ವೈದ್ಯ ಥಾಮಸ್ ಫಿಂಡ್ಲೆ ಇಬ್ಬರೂ ರಾಲ್ಫಳ ಪದ್ಧತಿಯಲ್ಲಿ ತರಬೇತಿ ಪಡೆದವರು. ಇವರ ಪ್ರಯತ್ನದಿಂದ 2007ರಲ್ಲಿ ಬಾಸ್ಟನ್ನಿನಲ್ಲಿ ತಂತುಪೊರೆಯ ಸಂಶೋಧನೆಗೆ ಮೀಸಲಾದ ಪ್ರಥಮ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷವೇ ಇವರಿಬ್ಬರೂ ಸಹಲೇಖಕರಾಗಿದ್ದ, ಹನ್ಸ್ ಚೌಧರಿ ಮೊದಲ ಲೇಖಕರಾಗಿದ್ದ ಒಂದು ಗಣಿತೀಯ ಅಧ್ಯಯನ ಹೊರಬಂತು. ತೊಡೆಯ ಹೊರಮೈಯ ದಪ್ಪ ಪೊರೆಯನ್ನು ಶೇ. 1ರಷ್ಟು ಅದುಮಿ, ಅಷ್ಟೇ ಜರುಗಿಸಲು ಎಷ್ಟು ಬಲ ಬೇಕು? ಲೆಕ್ಕದ ಪ್ರಕಾರ ಲಂಬವಾಗಿ ಸುಮಾರು 925 ಕಿಲೋಗ್ರಾಂ ಭಾರ. ಅಂಗಾಲಿನ ಪೊರೆಗೆ ಸುಮಾರು 852 ಕಿಲೋಗ್ರಾಂ. ಯಾವ ಚಿಕಿತ್ಸಕನ ಮೊಣಕೈಯೂ ಇದನ್ನು ನೀಡಲಾರದು, ನೀಡಿದರೆ ರೋಗಿ ಉಳಿಯಲಾರ. ಮೂಗಿನ ಭಾಗದ ಮೆತ್ತನೆಯ ಪೊರೆಯಂಥವು ಮಾತ್ರ ಕೈಯ ಒತ್ತಡಕ್ಕೆ ಬಗ್ಗಬಲ್ಲವು. ಬೆಣ್ಣೆ ಕರಗುವ ವಿವರಣೆ, ದೇಹದ ದಪ್ಪ ಪೊರೆಗಳ ಮಟ್ಟಿಗಾದರೂ, ಇಲ್ಲಿಗೆ ಕುಸಿಯಿತು. ಈ ಲೇಖನ ಪ್ರಕಟವಾದದ್ದು ಸ್ಟಿಲ್‌ನ ಪರಂಪರೆಯ ಅಮೆರಿಕನ್ ಆಸ್ಟಿಯೋಪಥಿಕ್ ಸಂಘದ ನಿಯತಕಾಲಿಕೆಯಲ್ಲಿಯೇ. ಗುರುವಿನ ಸಿದ್ಧಾಂತವನ್ನು ಶಿಷ್ಯರೇ ಅಳೆದು, ಪಂಥದ ಪತ್ರಿಕೆಯೇ ಆ ಫಲಿತಾಂಶವನ್ನು ಮುದ್ರಿಸಿದ ಇಂಥ ಪ್ರಸಂಗಗಳು ಪರ್ಯಾಯ ಚಿಕಿತ್ಸೆಗಳ ಚರಿತ್ರೆಯಲ್ಲಿ ವಿರಳ. ಇದಕ್ಕೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲವೆಂದೇ ನನ್ನ ಅಭಿಪ್ರಾಯ.

ಹಾಗಾದರೆ ಬೆರಳಿಗೆ ತೋರುವ ಸಡಿಲಿಕೆ ಯಾವುದು? ಶ್ಲೈಪ್ 2003ರಲ್ಲಿಯೇ ನರಗಳತ್ತ ಬೊಟ್ಟುಮಾಡಿದ್ದ. ಪೊರೆಯಲ್ಲಿ ಸ್ಪರ್ಶ ಹಾಗೂ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ, ನಿಧಾನವಾದ ಒತ್ತಡ ಅವನ್ನು ಪ್ರಚೋದಿಸಿದಾಗ ನರಮಂಡಲ ಸ್ನಾಯುವಿನ ಬಿಗಿತವನ್ನು ತಗ್ಗಿಸುತ್ತದೆ ಎಂಬುದು ಅವನ ಪ್ರತಿಪಾದನೆ. ಡಿಕ್ಕೆಯ ಅನುಯಾಯಿಗಳ ನರವಾದ ಬೇರೆ ರೂಪದಲ್ಲಿ ಮರಳಿದಂತಾಯಿತು. ಇಟಲಿಯ ಪಾದುವಾದಲ್ಲಿ ಕಾರ್ಲಾ ಸ್ಟೆಕ್ಕೊ ಮತ್ತು ಸಂಗಡಿಗರು ಪದರಗಳ ನಡುವೆ ಜಾರಿಕೆಗೆ ನೆರವಾಗುವ ಹಯಾಲುರೋನಾನ್ ಎಂಬ ದ್ರವ್ಯವನ್ನು ಅಧ್ಯಯನ ಮಾಡಿ, ಅದು ಮಂದವಾದಾಗ ಪದರಗಳು ಜಾರುವುದು ಕಷ್ಟವಾಗುತ್ತದೆಂದರು. ಅಮೆರಿಕದ ಹೆಲೀನ್ ಲಾಂಜೆವಿನ್ 2009ರಲ್ಲಿ 107 ಜನರ ಸೊಂಟವನ್ನು ಶ್ರವಣಾತೀತ ಧ್ವನಿಯಿಂದ ಪರೀಕ್ಷಿಸಿದಳು. ಅವರಲ್ಲಿ 60 ಮಂದಿಗೆ ಬಹುಕಾಲದ ಸೊಂಟನೋವಿತ್ತು. ಅವರ ಸ್ನಾಯುಗಳ ಸುತ್ತಲಿನ ಸಂಯೋಜಕ ಅಂಗಾಂಶ ಉಳಿದವರದಕ್ಕಿಂತ ಸುಮಾರು ಶೇ. 25ರಷ್ಟು ದಪ್ಪವಾಗಿತ್ತು. 2011ರ ಇನ್ನೊಂದು ಅಧ್ಯಯನದಲ್ಲಿ ಅಂಥವರ ಪದರಗಳು ಒಂದರ ಮೇಲೊಂದು ಜಾರುವ ಪ್ರಮಾಣವೂ ಕಡಿಮೆಯೆಂದು ಕಂಡುಬಂತು. ದಪ್ಪವಾದುದರಿಂದ ನೋವು ಬಂತೋ, ನೋವಿನಿಂದ ಅಲುಗಾಡದೆ ಕುಳಿತುದರಿಂದ ದಪ್ಪವಾಯಿತೋ ಎಂಬುದನ್ನು ಇಂಥ ಅಧ್ಯಯನಗಳು ತೀರ್ಮಾನಿಸಲಾರವು.

ಇನ್ನು ಫಲದ ಮಾತು. ಸೊಂಟನೋವಿಗೆ ಅಂಗಮರ್ದನದ ಬಗ್ಗೆ 2015ರಲ್ಲಿ ಬಂದ ಕಾಕ್ರೇನ್ ಸಮೀಕ್ಷೆ 25 ಪ್ರಯೋಗಗಳನ್ನೂ 3,096 ರೋಗಿಗಳನ್ನೂ ಒಳಗೊಂಡಿತ್ತು. ಅಲ್ಪಾವಧಿಯಲ್ಲಿ ನೋವು ತಗ್ಗುವುದನ್ನು ಅದು ಗುರುತಿಸಿತು, ಆದರೆ ಆಧಾರಗಳ ಗುಣಮಟ್ಟ ಕಡಿಮೆಯೆಂದಿತು. ಅದೇ ವರ್ಷ ಮಯೋಫ್ಯಾಸಿಯಲ್ ರಿಲೀಸ್ ಕುರಿತ 19 ಪ್ರಯೋಗಗಳ ಪ್ರತ್ಯೇಕ ಸಮೀಕ್ಷೆಯೂ ಹೊರಬಂತು. ಅದರ ಮೊದಲ ಲೇಖಕ ಎಂ.ಎಸ್. ಅಜಿಂಶಾ. 2010ರ ದಶಕದ ಆರಂಭದಲ್ಲಿ ಮೊಣಕೈ ನೋವು, ತಲೆನೋವು, ದಾದಿಯರ ಸೊಂಟನೋವುಗಳ ಮೇಲೆ ಈ ಚಿಕಿತ್ಸೆಯ ಪ್ರಯೋಗಗಳನ್ನು ನಡೆಸಿದ ಭಾರತೀಯ ಸಂಶೋಧಕ. ಸಮೀಕ್ಷೆಯ ತೀರ್ಪು ಎಚ್ಚರಿಕೆಯದು: ಪ್ರಯೋಗಗಳ ಗುಣಮಟ್ಟವೂ ಫಲಿತಾಂಶಗಳೂ ಮಿಶ್ರವಾಗಿವೆ. ಅಮೆರಿಕದ ಆಸ್ಟಿಯೋಪತಿಗಳು ಬೆಳೆಸಿದ ಪದ್ಧತಿಯನ್ನು ಆ ವೇಳೆಗೆ ಭಾರತದ ಫಿಸಿಯೋಥೆರಪಿಸ್ಟರೂ ತಮ್ಮದಾಗಿಸಿಕೊಂಡಿದ್ದರು.

ಈ ಬಗೆಯ ಪ್ರಯೋಗಗಳಲ್ಲಿ ಒಂದು ತೊಡಕು ಉದ್ದಕ್ಕೂ ಉಳಿದುಬಂದಿದೆ. ಔಷಧವನ್ನು ಪರೀಕ್ಷಿಸುವವರು ಹೋಲಿಕೆಗೆಂದು ಸಕ್ಕರೆಯ ಗುಳಿಗೆಯನ್ನು ಕೊಡಬಲ್ಲರು, ಕೊಡುವ ವೈದ್ಯನಿಗೂ ಅದು ಯಾವುದೆಂದು ತಿಳಿಯದಂತೆ ಏರ್ಪಡಿಸಬಲ್ಲರು. ಕೈಯ ಚಿಕಿತ್ಸೆಯಲ್ಲಿ ಅದು ಸಾಧ್ಯವಿಲ್ಲ. ಹೋಲಿಕೆಯ ಗುಂಪಿನವರ ಮೈಮೇಲೆ ಚಿಕಿತ್ಸಕ ಎಳೆಯದೆ, ಒತ್ತದೆ, ಸುಮ್ಮನೆ ಕೈಯಿಟ್ಟುಕೊಂಡು ಅಷ್ಟೇ ಹೊತ್ತು ಕೂರುವುದು ರೂಢಿಯಲ್ಲಿರುವ ಒಂದು ಉಪಾಯ. ಎಳೆಯುತ್ತಿಲ್ಲವೆಂಬುದು ಕೈಯಿಟ್ಟವನಿಗೆ ಗೊತ್ತು. ಪೊರೆಯ ನರತುದಿಗಳೇ ಕೆಲಸ ಮಾಡುವುದೆಂಬ 2003ರ ವಿವರಣೆ ಸರಿಯಾದ ಪಕ್ಷದಲ್ಲಿ, ಹಾಗೆ ಸುಮ್ಮನೆ ಇಟ್ಟ ಕೈಯೂ ಪೂರ್ತಿ ನಿಷ್ಫಲವಾದ ಹೋಲಿಕೆಯಾಗಲಾರದು.